ಚೆನ್ನಪ್ಪಣ್ಣನ ಕೋಟಾ

ಚೆನ್ನಪ್ಪಣ್ಣನ ಚಿತೆಯ ಬೂದಿಯ ಬಿಸಿ ಆರುವ ಮೊದಲೇ ಕಾಟಿಪಳ್ಳದ ಚಿತ್ತರಂಜನ ಕೇಳಬಾರದ್ದನ್ನು ಕೇಳಿಬಿಟ್ಟ. ದೇರೆಬೈಲಿನ ಆ ಮನೆಯ ಸಿಟೌಟಿನಲ್ಲಿ, ಭಾವ ದಿನಾ ಕೂರುತ್ತಿದ್ದ ಕುರ್ಚಿಯಲ್ಲೇ ಕುಂಡೆ ಊರಿ, ಅಕ್ಕ ಕೊಟ್ಟ ಚಹಾವನ್ನು ಸೊರ್ರನೆ ಎಳೆದು, ಲೋಟ ಕೆಳಗಿಟ್ಟು ಕೇಳಿದ.

"ಅಕ್ಕ, ಇನ್ನು ಭಾವನ ಕಾರ್ಡಿಗೆ ಎಂತ ಮಾಡೂದು?"

"ಎಂತ ಕಾರ್ಡ್?" ಎಂದಳು ದೇಯಿ.

"ಕ್ಯಾಂಟೀನಿದ್ದು. ಮಿಲಿಟ್ರಿಯವರ ಹೆಂಡತಿ ಹೆಸರಿಗೂ ಮಾಡಿ ಕೊಡ್ತಾರಂತೆ. ಒಂದು ಫೋಟೋ, ಒಂದು ಸಹಿ, ಅಷ್ಟೇ. ಸುಮ್ಮನೆ ಯಾಕೆ ಬಿಡೂದು? ತಿಂಗಳ ಕೋಟಾ ಹಾಳಾಗ್ತದಲ್ವಾ."

ದೇಯಿ ತಮ್ಮನ ಮುಖವನ್ನೇ ನೋಡಿದಳು. ಸ್ಮಶಾನದಲ್ಲಿ ಇವನೇ ಎಲ್ಲರಿಗಿಂತ ಜೋರಾಗಿ ಅತ್ತವನು. ಆ ಕಣ್ಣೀರು ಯಾವುದಕ್ಕೆ ಎಂದು ಈಗ ಗೊತ್ತಾಯಿತು. ಅವಳು ಲೋಟ ಎತ್ತಿಕೊಂಡು ಒಳಗೆ ಹೋಗಿ, ಅದನ್ನು ಎರಡು ಸಲ ಬೂದಿ ಹಾಕಿ ತಿಕ್ಕಿದಳು.

ಕೋಟಾ ಎಂದರೆ ರಮ್ಮು. ಸೈನ್ಯದಿಂದ ನಿವೃತ್ತನಾದವನಿಗೆ ತಿಂಗಳಿಗೆ ಇಷ್ಟು ಬಾಟ್ಲಿ ಎಂದು ಅಗ್ಗದ ದರದಲ್ಲಿ ಸಿಗುವ ಸಾಮಾನು. ಚೆನ್ನಪ್ಪಣ್ಣ ಪಿಂಚಣಿ ಹಿಡಿದು ಊರಿಗೆ ಬಂದ ಮೇಲೆ ಒಂದು ತಿಂಗಳೂ ತಪ್ಪದೆ ಅದನ್ನು ತಂದಿದ್ದ. ತಂದದ್ದು ಹೌದು, ಮನೆಯ ಒಳಗೆ ತಂದದ್ದಿಲ್ಲ. ಬಾಟ್ಲಿಗಳನ್ನು ಪೇಪರಿನಲ್ಲಿ ಸುತ್ತಿ, ಹಳದಿ ಬಟ್ಟೆಯ ಚೀಲಕ್ಕೆ ಹಾಕಿ, ಚೀಲವನ್ನು ಮೈಗೆ ತಾಗದಂತೆ ದೂರ ಹಿಡಿದುಕೊಂಡು ಬರುತ್ತಿದ್ದ. ಬಚ್ಚಲಿನ ಹೊರಗೋಡೆಯಲ್ಲಿ ಅದಕ್ಕೆಂದೇ ಒಂದು ಮೊಳೆ ಹೊಡೆದಿದ್ದ. ಚೀಲ ಆ ಮೊಳೆಗೆ. ಆಮೇಲೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ಮೊಣಕೈಯವರೆಗೆ ಸಾಬೂನು ಹಾಕಿ ತೊಳೆಯುತ್ತಿದ್ದ. ಒಂದು ತೊಟ್ಟು ಅವನ ನಾಲಿಗೆಗೆ ಹೋದದ್ದಿಲ್ಲ.

ಹೋದದ್ದೆಲ್ಲ ಬೇರೆಯವರ ಗಂಟಲಿಗೆ. ಈ ಮನೆಯ ತಾರಸಿ ಎರಕವಾದದ್ದು ಮೇಸ್ತ್ರಿಗೆ ಕೊಟ್ಟ ಬಾಟ್ಲಿಯಿಂದ. ಬಾವಿ ತೋಡುವವರು ಬಂಡೆ ಸಿಕ್ಕಿತೆಂದು ಕೈಚೆಲ್ಲಿದಾಗ ಅವರನ್ನು ಪುನಃ ಕೆಳಗಿಳಿಸಿದ್ದೂ ಬಾಟ್ಲಿಯೇ. ದೊಡ್ಡ ಮಗ ಮುಖೇಶನನ್ನು ಕುವೈಟಿಗೆ ಕಳುಹಿಸಿದ ಏಜೆಂಟ್, ಮಗಳಿಲ್ಲದ ಮನೆಗೆ ಮೋಕ್ಷಾಳನ್ನು ಸೊಸೆಯಾಗಿ ತೋರಿಸಿದ ದಲ್ಲಾಳಿ, ಎಲ್ಲರೂ ಹೋಗುವಾಗ ಬಚ್ಚಲಿನ ಗೋಡೆಯ ಕಡೆಗೊಮ್ಮೆ ಸುತ್ತು ಹಾಕಿಯೇ ಹೋದವರು. ಚೆನ್ನಪ್ಪಣ್ಣ ಸಂಸಾರಸ್ಥ. ತನಗೆ ಹೇಸಿಗೆಯಾದದ್ದನ್ನು ತನ್ನ ಕೈಯಿಂದಲೇ ತಂದು, ಅದರಿಂದ ಮನೆ ಕಟ್ಟಿ, ಮಕ್ಕಳನ್ನು ದಡ ಹತ್ತಿಸಿದ.

ಆ ವಾರವೆಲ್ಲ ಜನ ಬಂದರು. ಬಂದವರು ಏನು ನೆನಪು ಮಾಡಿಕೊಂಡರು ಎಂದು ಕೇಳಬೇಡಿ.

"ನನ್ನ ಮಗನ ಮೆಹಂದಿಗೆ ಎರಡು ಬಾಟ್ಲಿ ಕೊಟ್ಟಿದ್ದರು ಪಾಪ."

"ಒರಿಜಿನಲ್ ಮಾಲು ಮಾರಾಯ. ಹೊರಗೆ ಸಿಗೂದು ಇದರ ಹತ್ತಿರ ಎಂತಕ್ಕೂ ಬರೂದಿಲ್ಲ."

"ಇನ್ನು ಅಂಥ ಜನ ಎಲ್ಲಿ ಉಂಟು?"

ಸೂತಕದ ಮನೆಯಲ್ಲಿ ಕಾಲು ಚಾಚಿ ಕೂತು, ಅವಲಕ್ಕಿ ತಿಂದು, ಅಂಗಳದ ಕರಿಬೇವಿನ ಬುಡಕ್ಕೆ ಎಲೆಯಡಿಕೆ ಉಗಿದು ಹೋದರು. ಎಪ್ಪತ್ತೇಳು ವರ್ಷ ಬದುಕಿದ ಮನುಷ್ಯ ಅವರ ಬಾಯಲ್ಲಿ ಒಂದು ಬಾಟ್ಲಿಯಾಗಿ ಉಳಿದಿದ್ದ. ದೇಯಿ ಪ್ರತಿ ಸಂಜೆ ಕರಿಬೇವಿನ ಬುಡಕ್ಕೆ ನೀರು ಹೊಯ್ದು ಆ ಕೆಂಪನ್ನು ತೊಳೆದಳು.

ಆಚೆಮನೆಯ ಲೂರ್ಡ್ಸ್ ಬಾಯಿ ಮಾತ್ರ ಬೇರೆ ಮಾತು ಹೇಳಿದಳು. ನರ್ಸಾಗಿ ನಿವೃತ್ತಳಾದವಳು, ಗಂಡ ಒಸ್ವಾಲ್ಡನನ್ನು ಕಳೆದುಕೊಂಡವಳು. ಒಂದು ಪಾತ್ರೆಯಲ್ಲಿ ಗಂಜಿ ತಂದು, ದೇಯಿಯ ಪಕ್ಕ ಅಡುಗೆಮನೆಯ ಮಣೆಯಲ್ಲೇ ಕೂತಳು.

"ನಮ್ಮ ಒಸ್ವಾಲ್ಡ್ ಬಚ್ಚಲಲ್ಲಿ ಬಿದ್ದ ದಿವಸ ನೆನಪುಂಟಾ ನಿಮಗೆ?"

"ಇಲ್ಲದೆ? ಓಣಿಯಲ್ಲಿ ಆಂಬುಲೆನ್ಸ್ ಬರ್ಲಿಲ್ಲ ಅವತ್ತು."

"ನಿಮ್ಮವರು ಎರಡು ಬಿದಿರು ತಂದ್ರು, ಎರಡು ಗೋಣಿಚೀಲದ ಮೂಲೆ ಕತ್ತರಿಸಿ ತೂರಿಸಿದ್ರು. ಸ್ಟ್ರೆಚರ್ ರೆಡಿ. ಒಸ್ವಾಲ್ಡನ ಕುತ್ತಿಗೆ ಒಂದು ಚೂರು ಅಲ್ಲಾಡ್ಲಿಲ್ಲ. ನಾನು ಅಷ್ಟು ವರ್ಷ ಆಸ್ಪತ್ರೆಯಲ್ಲಿ ಇದ್ದವಳು, ಹಾಗೆ ಎತ್ತೂದನ್ನು ನೋಡಿದ್ದಿಲ್ಲ. ಮತ್ತೆ ಎರಡು ಕ್ರಿಸ್ಮಸ್ ಕಂಡ್ರು ನಮ್ಮವರು."

ಗಂಡ ಹೋದ ಮೇಲೆ ದೇಯಿ ಅಂದು ಮೊದಲ ಸಲ ಹೊಟ್ಟೆ ತುಂಬ ಗಂಜಿ ಕುಡಿದಳು. ಅವಳ ಗಂಡ ಯುದ್ಧದಲ್ಲಿ ಮಾಡಿದ ಕೆಲಸ ಅದೇ. ಎಪ್ಪತ್ತೊಂದರಲ್ಲಿ, ಬಾಂಗ್ಲಾದ ಕಡೆ, ಗಾಯಾಳುಗಳನ್ನು ಹೊರುವುದು. ಬಂದೂಕು ಹೊಡೆದವನಲ್ಲ, ಹೊಡೆಸಿಕೊಂಡವರನ್ನು ಎತ್ತಿದವನು.

ಎರಡನೇ ವಾರ ಬೊಜ್ಜದ ತಯಾರಿ ಶುರುವಾಯಿತು. ಬೊಜ್ಜ ಎಂದರೆ ಉತ್ತರಕ್ರಿಯೆ. ಮುಖೇಶನಿಗೆ ಕುವೈಟಿನಿಂದ ಬರಲು ರಜೆ ಸಿಗಲಿಲ್ಲ, ಓಡಾಟವೆಲ್ಲ ಕಿರಿಯ ಮಗ ಶೈಲೇಶನದ್ದು. ಅವನು ಕಾರಿನ ಶೋರೂಮಿನಲ್ಲಿ ಸೇಲ್ಸಿನವನು. ಮಾರಿ ಮಾರಿ ಅವನ ಮಾತೆಲ್ಲ ಗಿರಾಕಿಯೊಡನೆ ಆಡಿದ ಹಾಗೇ ಆಗಿತ್ತು. ಒಂದು ಸಂಜೆ ಫೋನು ಹಿಡಿದುಕೊಂಡು ಬಂದ.

"ಅಮ್ಮ, ಫ್ಲೆಕ್ಸ್ ನೋಡು. ಓಣಿಯ ಬಾಯಿಗೆ ಹಾಕೂದು. ಹೇಗುಂಟು?"

ದೇಯಿ ಕನ್ನಡಕ ಹಾಕಿಕೊಂಡಳು. ತಲೆ ಚೆನ್ನಪ್ಪಣ್ಣನದ್ದೇ. ಅದರ ಕೆಳಗಿನ ಮೈ ಯಾರದ್ದೋ, ಕೈಯಲ್ಲಿ ದೊಡ್ಡ ಬಂದೂಕು, ಹಿಂದೆ ಹಿಮದ ಬೆಟ್ಟ. ಕೆಳಗೆ ಕೆಂಪಕ್ಷರದಲ್ಲಿ 'ಕಾರ್ಗಿಲ್ ವೀರ'.

"ಇದು ಯಾರು?"

"ಅಪ್ಪ."

"ಕಾರ್ಗಿಲಿನ ಹೊತ್ತಿಗೆ ನಿನ್ನ ಅಪ್ಪ ಇದೇ ಅಂಗಳದಲ್ಲಿ ಕೂತು ನಿನ್ನ ಶಾಲೆಯ ಶೂ ಪಾಲಿಶ್ ಮಾಡ್ತಾ ಇದ್ದರು."

"ಎಪ್ಪತ್ತೊಂದು ಅಂದ್ರೆ ಈಗ ಯಾರಿಗೆ ಗೊತ್ತುಂಟಮ್ಮ? ಕಾರ್ಗಿಲ್ ಅಂದ್ರೆ ಜನ ಕೂಡ್ಲೆ ಕೈ ಮುಗೀತಾರೆ. ನಮ್ಮ ಮ್ಯಾನೇಜರ್ ಸಹ ಬರ್ತಾರೆ ಬೊಜ್ಜಕ್ಕೆ."

"ಹಾಗಾದ್ರೆ ನಿನ್ನ ಮ್ಯಾನೇಜರನ ಫೋಟೋವೇ ಹಾಕು. ಅವನಿಗೂ ಖುಷಿ."

ಅಡುಗೆಮನೆಯ ಬಾಗಿಲಲ್ಲಿ ತೆಂಗಿನಕಾಯಿ ತುರಿಯುತ್ತಿದ್ದ ಅವನ ಹೆಂಡತಿ ಮೋಕ್ಷಾ ನಗು ತಡೆದುಕೊಂಡಳು. ಶೈಲೇಶನಿಗೆ ಅದು ಕಂಡಿತು.

"ನೀನು ನಗೂದು ಬೇಡ. ಅಗೆಲಿಗೆ ಎಂತೆಂತ ಬೇಕು, ಸಾಮಾನಿನ ಲೆಕ್ಕ ಮಾಡು ಮೊದಲು. ಕೋಳಿ ಸುಕ್ಕ, ಕೋರಿ ರೊಟ್ಟಿ, ಅಂಜಲ್ ಮೀನಿನ ಫ್ರೈ, ಮೊಟ್ಟೆ. ಬಾಟ್ಲಿಯನ್ನು ಚಿತ್ತರಂಜನ ಮಾವ ನೋಡ್ಕೊಳ್ತಾರೆ. ಅಪ್ಪನದ್ದೇ ಕಡೇ ಕೋಟಾದ್ದು ಆರು ಅವರ ಮನೆಯಲ್ಲಿ ಉಂಟಂತೆ."

ಅಗೆಲು ಎಂದರೆ ಸತ್ತವರಿಗೆ ಬಡಿಸುವುದು. ಬೊಜ್ಜದ ಸಂಜೆ, ಒಳಕೋಣೆಯಲ್ಲಿ ಬಾಳೆಎಲೆ ಹಾಕಿ, ಹೋದವರಿಗೆ ಜೀವದಲ್ಲಿ ಯಾವುದು ಇಷ್ಟವಿತ್ತೋ ಅದನ್ನೇ ಬಡಿಸಿ, ಅವರು ನಾಚದೆ ಉಣ್ಣಲಿ ಎಂದು ಬಾಗಿಲು ಹಾಕಿ ಎಲ್ಲರೂ ಹೊರಗೆ ನಿಲ್ಲುವುದು. ಆಮೇಲೆ ಎಲೆಯಲ್ಲಿದ್ದದ್ದನ್ನು ಮನೆಮಂದಿ ಹಂಚಿಕೊಂಡು ಉಣ್ಣುವುದು.

"ಶೈಲೇಶ್," ಎಂದಳು ದೇಯಿ, "ನಿನ್ನ ಅಪ್ಪ ಕುಡೀತಿದ್ರಾ?"

"ಇಲ್ಲ. ಗೊತ್ತುಂಟು ನನಗೆ."

"ಕೋರಿ ರೊಟ್ಟಿ ತಿಂತಿದ್ರಾ?"

"ಆ ಗರಿಗರಿ ರೊಟ್ಟಿ ಹಲ್ಲಿಗೆ ಆಗ್ತಿರ್ಲಿಲ್ಲ."

"ಮತ್ತೆ ಇದು ಯಾರ ಅಗೆಲು?"

ಶೈಲೇಶ್ ಫೋನು ಕಿಸೆಗೆ ಹಾಕಿದ. "ಅಮ್ಮ, ಮಿಲಿಟ್ರಿಯವರ ಎಲೆಯಲ್ಲಿ ಬಾಟ್ಲಿ ಇಲ್ಲದಿದ್ರೆ ಜನ ಎಂತ ಹೇಳ್ತಾರೆ? ಬದುಕಿದ್ದಾಗ ಊರಿಗೆಲ್ಲ ಕೊಟ್ಟ ಮನುಷ್ಯ. ಗಂಜಿ ಬಡಿಸಿ ಕಳಿಸಿದ್ರು ಅಂತ ಆಡಿಕೊಳ್ತಾರೆ."

"ಅವರಿಗೆ ಇಷ್ಟ ಇದ್ದದ್ದು ಗಂಜಿಯೇ. ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ, ಹುರುಳಿ ಸಾರು. ನಾನು ಅದನ್ನು ಬಡಿಸ್ತೇನೆ."

"ನೀನು ನಿನ್ನ ಗಂಜಿ ಒಂದು ಬದಿಗೆ ಬಡಿಸು, ಯಾರು ಬೇಡ ಅಂದ್ರು? ಗ್ಲಾಸ್ ಒಂದು ಶಾಸ್ತ್ರಕ್ಕೆ ಇರಲಿ."

"ಅವರ ಮೂಗಿನ ಹತ್ತಿರ ಅದನ್ನು ತರಬೇಡ ಶೈಲೇಶ್. ಕೈ ಮುಗೀತೇನೆ ನಿನಗೆ."

ಅವಳು ನಿಜವಾಗಿಯೂ ಕೈ ಮುಗಿದಳು. ಶೈಲೇಶನಿಗೆ ಮುಜುಗರವಾಗಿ, "ನೋಡುವಾ," ಎಂದು ಎದ್ದು ಹೋದ. ಹೋಗುವಾಗ ಬಾಗಿಲಲ್ಲಿ ನಿಂತು, "ಮತ್ತೆ ಆ ಕಾರ್ಡಿಗೆ ನಿನ್ನದೊಂದು ಫೋಟೋ ಬೇಕು. ನಾಳೆ ಒಳ್ಳೆ ಸೀರೆ ಉಡು, ಫೋನಿನಲ್ಲೇ ತೆಗೀತೇನೆ," ಎಂದ.

"ಬೊಜ್ಜ ಮುಗೀಲಿ," ಎಂದಳು ದೇಯಿ.

ಅವನು ಹೋದ ಮೇಲೆ ಮೋಕ್ಷಾ ತುರಿಮಣೆ ಬದಿಗಿಟ್ಟು ಹತ್ತಿರ ಬಂದಳು.

"ಅತ್ತೆ, ಮಾವನಿಗೆ ಆ ವಾಸನೆ ಯಾಕೆ ಅಷ್ಟು ಆಗ್ತಿರ್ಲಿಲ್ಲ? ನಮ್ಮ ಮಗು ನಿರೀಕ್ಷಾಳಿಗೆ ಇಂಜೆಕ್ಷನ್ ಕೊಡುವಾಗ ಸ್ಪಿರಿಟ್ ಹಚ್ಚಿದ್ರೂ ಹೊರಗೆ ಓಡ್ತಿದ್ರು."

ದೇಯಿ ಯಾರಿಗೂ ಹೇಳದ್ದನ್ನು ಸೊಸೆಗೆ ಹೇಳಿದಳು. ಮದುವೆಯ ದಿನ, ಧಾರೆಯಾಗಿ ಊಟವಾದ ಮೇಲೆ, ಇದೇ ಚಿತ್ತರಂಜನ ನಾಲ್ಕು ಜನರನ್ನು ಕಟ್ಟಿಕೊಂಡು ಬಂದು ಮದುಮಗನ ಕೈಕಾಲು ಹಿಡಿದು ಬಾಯಿಗೆ ಗ್ಲಾಸು ಒತ್ತಿದ. ಮದುಮಗ ಬಿದ್ದ ಪೇಟದ ಮೇಲೆ, ಶಾಲಿನ ಮೇಲೆ, ದೇಯಿಯ ತಾಯಿಯ ಕಾಲ ಮೇಲೆ ವಾಂತಿ ಮಾಡಿಕೊಂಡ. 'ಮಿಲಿಟ್ರಿಯವನಿಗೆ ಇಷ್ಟೂ ತಾಕತ್ತಿಲ್ಲವಾ' ಎಂದು ಚಪ್ಪರದಲ್ಲಿದ್ದವರೆಲ್ಲ ಕೇಕೆ ಹಾಕಿದರು. ಮರುದಿನ ಶಾಲು ಒಗೆಯಲು ಕೂತ ಹೆಂಡತಿಯ ಪಕ್ಕ ಅವನು ತಾನೂ ಕೂತು ನೀರು ಹೊಯ್ದ. ಹೊಯ್ಯುತ್ತ ಹೇಳಿದ.

ಯುದ್ಧ ನಿಂತ ಮೇಲೆ ಅವನ ತುಕಡಿಗೆ ಹೆಣ ಎತ್ತುವ ಕೆಲಸ ಬಿತ್ತು. ಗದ್ದೆಯ ನೀರಿನಲ್ಲಿ ದಿನಗಟ್ಟಲೆ ನೆನೆದ ಹೆಣಗಳು. ನಮ್ಮವರದ್ದೂ ಉಂಟು, ಅವರದ್ದೂ ಉಂಟು. ಕೈ ಹಿಡಿದು ಎಳೆದರೆ ಕೈ ಮಾತ್ರ ಬರುತ್ತಿತ್ತು. ನಾತಕ್ಕೆ ಹುಡುಗರು ಬಿದ್ದುಬಿದ್ದು ಹೋಗುವಾಗ ಸುಬೇದಾರ ರಮ್ಮಿನ ಜಾಡಿ ತಂದು, ಬಟ್ಟೆಯ ತುಂಡುಗಳನ್ನು ಅದರಲ್ಲಿ ಅದ್ದಿ, ಒಬ್ಬೊಬ್ಬರ ಮೂಗಿಗೂ ಕಟ್ಟಿಸಿದ. ಆ ಬಟ್ಟೆಯೊಳಗೆ ಉಸಿರಾಡುತ್ತ ಚೆನ್ನಪ್ಪಣ್ಣ ಆ ಗದ್ದೆಗಳನ್ನೆಲ್ಲ ಖಾಲಿ ಮಾಡಿದ. ಅಂದಿನಿಂದ ರಮ್ಮು ಮೂಗಿಗೆ ಬಂದರೆ ಅದರ ಹಿಂದೆ ಗದ್ದೆಯೂ ಬರುತ್ತಿತ್ತು.

ಮೋಕ್ಷಾ ತುರಿಮಣೆಯನ್ನು ಪುನಃ ಹತ್ತಿರ ಎಳೆದುಕೊಂಡು, "ಹುರುಳಿ ನಾನು ಹಿಂದಿನ ದಿನವೇ ನೆನೆ ಹಾಕ್ತೇನೆ ಅತ್ತೆ," ಎಂದಳು.

ಬೊಜ್ಜದ ದಿನ ಓಣಿಯ ಬಾಯಿಗೆ ಕಾರ್ಗಿಲ್ ವೀರ ಬಂದೂಕು ಹಿಡಿದು ನಿಂತೇ ಬಿಟ್ಟಿದ್ದ. ಅಂಗಳದಲ್ಲಿ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಫೋಟೋಕ್ಕೆ ಹಾರ. ಮಧ್ಯಾಹ್ನ ಸಸ್ಯಾಹಾರದ ಊಟ ಬಡಿಸುವ ಮೊದಲು ನುಡಿನಮನ. ಮಾತಾಡಲು ಎದ್ದವನು ಬೇರೆ ಯಾರು, ಚಿತ್ತರಂಜನ. ಉಂಡ ಮನೆಯ ಗಳ ಎಣಿಸುವವರಿಗೆ ಮೈಕು ಸಿಕ್ಕಿದರೆ ಕೇಳಬೇಕೆ.

"ಭಾವ ಅಂದ್ರೆ ನನಗೆ ಅಣ್ಣನ ಹಾಗೆ. ಎಷ್ಟೋ ಸಂಜೆ ನಾವಿಬ್ಬರೂ ಎದುರೆದುರು ಕೂತು ಒಂದೊಂದು ಪೆಗ್ ಹಾಕಿ ಸುಖ ದುಃಖ ಮಾತಾಡಿದ್ದುಂಟು. ಶತ್ರುಗಳನ್ನು ಕೊಂದ ಕಥೆ ಅವರ ಬಾಯಿಂದ ಕೇಳಬೇಕು. ಮೈ ಜುಂ ಆಗ್ತಿತ್ತು."

ದೇಯಿ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತು ಕೇಳಿದಳು. ಥೂ ನಿನ್ನ, ಎಂದುಕೊಂಡಳು. ಅವಳ ಗಂಡ ಜಿರಳೆಯನ್ನು ಕೂಡ ಹಿಡಿಸೂಡಿಯಿಂದ ಹೊರಗೆ ಗುಡಿಸುತ್ತಿದ್ದವನು, ಹೊಡೆದವನಲ್ಲ. ಮೌನ ಪ್ರಾರ್ಥನೆಗೆ ಎಲ್ಲರೂ ಎದ್ದು ನಿಂತಾಗ ಯಾರೋ ದೊಡ್ಡದಾಗಿ ತೇಗಿದರು. ಊಟಕ್ಕೆ ಮೊದಲೇ ಶಾಮಿಯಾನದ ಹಿಂದೆ ಬಾಟ್ಲಿ ಸುರುವಾಗಿತ್ತು ಎಂದು ಅದರಿಂದಲೇ ತಿಳಿಯಿತು.

ಸಂಜೆ ಮೋಕ್ಷಾ ಮತ್ತು ದೇಯಿ ಎಲೆ ಹಾಕಿದರು. ದೇಯಿ ಸ್ಟೀಲಿನ ಬಟ್ಟಲಲ್ಲಿ ಗಂಜಿ ಇಟ್ಟಳು, ಅದು ಚೆನ್ನಪ್ಪಣ್ಣ ದಿನಾ ಉಣ್ಣುತ್ತಿದ್ದ ಬಟ್ಟಲೇ. ಪಕ್ಕಕ್ಕೆ ಚಟ್ನಿ, ಹುರುಳಿ ಸಾರು. ಮನಸ್ಸು ಒಂದು ಗಳಿಗೆ ತಣ್ಣಗಾಯಿತು. ಅಷ್ಟರಲ್ಲಿ ಶೈಲೇಶ್ ಕೋಳಿ, ಮೀನು, ಮೊಟ್ಟೆ ಹೊತ್ತುಕೊಂಡು ಬಂದ. ಅವನ ಹಿಂದೆ ಚಿತ್ತರಂಜನ ಎರಡು ಬಾಟ್ಲಿ ಕಂಕುಳಲ್ಲಿ ಹಿಡಿದು ಬಂದ. ಇಬ್ಬರ ಬಾಯಿಂದಲೂ ಅದೇ ವಾಸನೆ. ಬಟ್ಟಲನ್ನು ಎಲೆಯ ಮೂಲೆಗೆ ಸರಿಸಿ, ನಟ್ಟನಡುವೆ ಗಾಜಿನ ಗ್ಲಾಸು ಇಟ್ಟು, ಚಿತ್ತರಂಜನ ತುಂಬ ಹೊಯ್ದ.

"ಶೈಲೇಶ್, ನಾನು ಹೇಳಿದ್ದೆ ನಿನಗೆ," ಎಂದಳು ದೇಯಿ.

"ಅಮ್ಮ, ಜನ ಇದ್ದಾರೆ. ಈಗ ಬೇಡ."

"ಅಕ್ಕನಿಗೆ ಇದೆಲ್ಲ ಗೊತ್ತಾಗೂದಿಲ್ಲ ಬಿಡು," ಎಂದ ಚಿತ್ತರಂಜನ. "ನೀರು ಬೆರೆಸೂದು ಬೇಡ, ಭಾವನಿಗೆ ಸ್ಟ್ರಾಂಗೇ ಇರಲಿ."

ಎಲ್ಲರೂ ಕೈ ಮುಗಿದರು. ಅನ್ಯಾಯ ತಪ್ಪೇನಾದರೂ ಇದ್ದರೆ ಹೊಟ್ಟೆಗೆ ಹಾಕಿಕೊಳ್ಳಿ, ಬಂದು ಉಂಡು ಹೋಗಿ ಎಂದು ಶೈಲೇಶ್ ಬೇಡಿಕೊಂಡ. ಬೇಡಿಕೊಂಡು ಎಲೆಗೆ ಅಡ್ಡಬಿದ್ದ, ಅಪ್ಪನ ಮೇಲೆ ಪ್ರೀತಿ ಇಲ್ಲದವನೇನಲ್ಲ. ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆ ಮಾಡಿದರು. ಹೊರಗೆ ಆಗಲೇ ಮ್ಯಾನೇಜರಿಗೆ ಒಳ್ಳೆಯ ಕುರ್ಚಿ ಹುಡುಕುತ್ತಿದ್ದರು.

ದೇಯಿ ಬಾಗಿಲ ಪಕ್ಕ ನಿಂತಳು. ಮುಚ್ಚಿದ ಕೋಣೆಯೊಳಗೆ ಆ ವಾಸನೆ ತುಂಬುತ್ತಿತ್ತು. ಜೀವ ಇದ್ದಾಗ ಹೊರಗೋಡೆಯ ಮೊಳೆಯಿಂದ ಒಳಗೆ ಬರಲು ಬಿಡದಿದ್ದದ್ದನ್ನು ಸತ್ತ ಮೇಲೆ ಅವನ ಎಲೆಗೇ ತಂದಿಟ್ಟು ಬಾಗಿಲು ಹಾಕಿದ್ದರು. ಬಂದವನು ಗಂಜಿಯ ಬಟ್ಟಲಿನ ಹತ್ತಿರ ಹೋಗುವುದಾದರೂ ಹೇಗೆ? ಹಸಿದುಕೊಂಡೇ ತಿರುಗಿ ಹೋಗುತ್ತಾನೆ.

"ಕುಡಿಯುವ ನೀರು ಇಡಲಿಕ್ಕೆ ಮರೆತೆ," ಎಂದು ಹೇಳಿ ಅವಳು ಚೊಂಬು ಹಿಡಿದು ಒಳಗೆ ಹೋದಳು. ಯಾರೂ ತಡೆಯಲಿಲ್ಲ.

ಗ್ಲಾಸು ಎತ್ತಿದಳು. ಚೆಲ್ಲಲು ಜಾಗ ನೋಡಿದಳು. ಕಿಟಕಿಯ ಆಚೆ ಜನ, ಚೊಂಬಿನ ತುಂಬ ನೀರು, ನೆಲಕ್ಕೆ ಚೆಲ್ಲಿದರೆ ವಾಸನೆ ಕೋಣೆಯಲ್ಲೇ. ಬೇರೆ ದಾರಿ ಕಾಣದೆ ಸೆರಗನ್ನು ಮಡಚಿ ಮಡಚಿ ಮುದ್ದೆ ಮಾಡಿ ಅದರ ಮೇಲೆ ಅಷ್ಟನ್ನೂ ಹೊಯ್ದಳು. ಬಟ್ಟೆ ಕುಡಿಯಿತು. ಬಾಟ್ಲಿಗಳ ಮುಚ್ಚಳ ಬಿಗಿದು ಮೂಲೆಗೆ ತಳ್ಳಿದಳು. ಗಂಜಿಯ ಬಟ್ಟಲನ್ನು ಎಲೆಯ ನಡುವಿಗೆ ಎಳೆದು, "ಬಿಸಿ ಉಂಟು, ಉಣ್ಣಿ," ಎಂದಳು. ಹೊರಗೆ ಬಂದು ಸೆರಗಿನ ಮುದ್ದೆಯನ್ನು ಹಿಂದೆ ಹಿಡಿದುಕೊಂಡು ನಿಂತಳು.

ಬಾಗಿಲು ತೆಗೆದದ್ದು ಶೈಲೇಶ್. ಒಳಗೆ ಇಣುಕಿದವನು ಅಲ್ಲಿಯೇ ನಿಂತ. ಅವನ ಹೆಗಲ ಮೇಲಿಂದ ಚಿತ್ತರಂಜನ ನೋಡಿದ.

"ಗ್ಲಾಸ್ ಖಾಲಿ," ಎಂದ. ಆಮೇಲೆ ಅಂಗಳಕ್ಕೆ ಕೇಳುವ ಹಾಗೆ ಹೇಳಿದ, "ಭಾವ ಬಂದು ತೆಗೊಂಡ್ರು. ನೋಡಿ ಬನ್ನಿ, ಒಂದು ಹನಿ ಬಿಡ್ಲಿಲ್ಲ."

ಜನ ನುಗ್ಗಿದರು. ಕುರ್ಚಿ ಬಿಟ್ಟು ಮ್ಯಾನೇಜರೂ ಬಂದು ಕೈ ಮುಗಿದ. "ನಾನು ಹೇಳ್ಲಿಲ್ವಾ, ಅವರಿಗೆ ಆಸೆ ಇತ್ತು," "ಬದುಕಿದ್ದಾಗ ಅಕ್ಕನ ಹೆದರಿಕೆಗೆ ಕುಡಿದಿರಲಿಕ್ಕಿಲ್ಲ," ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಚಿತ್ತರಂಜನ ಆಗಲೇ ಬಾಟ್ಲಿಯ ಮುಚ್ಚಳ ತಿರುಗಿಸಿ, "ಇದು ಪ್ರಸಾದ, ಎಲ್ಲರಿಗೂ ಒಂದೊಂದು ಮುಚ್ಚಳ," ಎಂದು ಹಂಚಲು ಸುರು ಮಾಡಿದ. ಶೈಲೇಶ್ ಕಣ್ಣೊರೆಸಿಕೊಂಡು ತಾಯಿಯ ಕಡೆ ತಿರುಗಿದ.

"ನೋಡಿದೆಯಾ ಅಮ್ಮ? ನೀನು ಬೇಡ ಅಂದದ್ದು. ಅಪ್ಪನಿಗೆ ಅದೇ ಬೇಕಿತ್ತು."

ಗಂಡನನ್ನು ಕಾಯಲು ಮಾಡಿದ ಕೆಲಸದಿಂದಲೇ ದೇಯಿ ಅವನನ್ನು ಕುಡುಕನನ್ನಾಗಿ ಮಾಡಿಬಿಟ್ಟಿದ್ದಳು. ಇನ್ನು ವರ್ಷ ವರ್ಷವೂ ಅವನ ಎಲೆಗೆ ಇದೇ ಬರುತ್ತದೆ.

"ಅಜ್ಜಿ," ಎಂದಳು ಮೊಮ್ಮಗಳು ನಿರೀಕ್ಷಾ, "ನಿನ್ನ ಸೆರಗಿನಿಂದ ನೀರು ಬೀಳ್ತಾ ಉಂಟು."

ನೆಲದ ಮೇಲೆ ಕಂದು ಬಣ್ಣದ ಹನಿಗಳು ಬಿದ್ದಿದ್ದವು. ಮೋಕ್ಷಾ ಅದನ್ನು ನೋಡಿದಳು, ಅತ್ತೆಯ ಮುಖ ನೋಡಿದಳು. ಮುಚ್ಚಳ ಹಿಡಿದಿದ್ದ ಚಿತ್ತರಂಜನನ ಕೈ ನಿಂತಿತು.

"ಎಂತ ಅಕ್ಕ ಇದು?"

"ಅವರು ತೆಗೊಳ್ಳಲಿಲ್ಲ. ನಾನು ತೆಗೆದದ್ದು," ಎಂದಳು ದೇಯಿ. ಸ್ವರ ಏರಿಸಲಿಲ್ಲ. "ನಿಮ್ಮ ಚೆನ್ನಪ್ಪಣ್ಣ ಯುದ್ಧದಲ್ಲಿ ಯಾರನ್ನೂ ಕೊಂದವರಲ್ಲ. ಹೆಣ ಹೊತ್ತವರು. ಕೊಳೆತ ಹೆಣದ ನಾತ ತಡೆಯಲಿಕ್ಕೆ ಇದೇ ರಮ್ಮಿನಲ್ಲಿ ಬಟ್ಟೆ ಅದ್ದಿ ಮೂಗಿಗೆ ಕಟ್ಟಿಕೊಂಡಿದ್ದರು. ಆಮೇಲೆ ಸಾಯುವವರೆಗೆ ಅದರ ವಾಸನೆಗೆ ವಾಂತಿ ಮಾಡಿದವರು. ಆದರೂ ತಿಂಗಳು ತಿಂಗಳು ನಿಮಗೆ ತಂದು ಕೊಟ್ಟರು."

ಎಲ್ಲರ ಉಸಿರು ಆ ಸಣ್ಣ ಕೋಣೆಯಲ್ಲಿ ಹುಳಿಹುಳಿಯಾಗಿ ತುಂಬಿತ್ತು. ದೇಯಿ ಒದ್ದೆ ಸೆರಗನ್ನು ಹಿಂದಿನಿಂದ ಮುಂದಕ್ಕೆ ತಂದು, ಹಿಂಡದೆಯೇ ಮೂಗು ಬಾಯಿಗೆ ಅಡ್ಡ ಹಿಡಿದಳು. ಕಣ್ಣಲ್ಲಿ ನೀರು ಬಂದರೂ ಬಟ್ಟೆ ಬಿಡಲಿಲ್ಲ. ಬಟ್ಟೆಯ ಒಳಗಿಂದಲೇ ಮಗನಿಗೆ ಹೇಳಿದಳು.

"ಅವರಿಗೆ ಸತ್ತವರ ನಾತಕ್ಕೆ ಇದು ಬೇಕಾಯ್ತು. ನನಗೆ ಇಲ್ಲಿ ಬೇಕಾಯ್ತು. ಕಾರ್ಡಿಗೆ ನನ್ನ ಫೋಟೋ ಬೇಕು ಅಂದಿದ್ದಿ ಅಲ್ವಾ ಶೈಲೇಶ್? ಬೊಜ್ಜ ಮುಗೀತು. ತೆಗಿ. ಹೀಗೇ ತೆಗಿ."

ಶೈಲೇಶನ ಕೈಯಲ್ಲಿ ಫೋನು ಇತ್ತು. ಅವನು ಅದನ್ನು ಮೆಲ್ಲಗೆ ಕಿಸೆಗೆ ಹಾಕಿದ. ಮೋಕ್ಷಾ ಎಲ್ಲರ ನಡುವಿನಿಂದ ದಾರಿ ಮಾಡಿಕೊಂಡು ಹೋಗಿ ಎರಡು ಬಾಟ್ಲಿಗಳನ್ನೂ ಎತ್ತಿ, ಹೊರಗೆ ಬಚ್ಚಲಿನ ಗೋಡೆಯ ಮೊಳೆಯ ಕಡೆಗೆ ನಡೆದಳು.